ಉಡಿ ಚೀಲ ಹೊತ್ತು ಹೊಳೆಯ ತನಕ

ನನಗೆ ದೋಣಿ ಹತ್ತಬೇಕಿತ್ತು. ಇದರ ಹಿಂದೆ ದೊಡ್ಡ ಕಾರಣವೇನೂ ಇಲ್ಲ, ಹುಡುಕಬೇಡಿ. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತ ಐವತ್ತು ದಾಟಿದ ಹೆಂಗಸು ನಾನು. ನಮ್ಮಲ್ಲಿ ನೀರು ಎಂದರೆ ನಳಕ್ಕೆ ಯಾವಾಗ ಬರುತ್ತದೋ ಎಂದು ಕಾಯುವುದು, ಬಂದಾಗ ಕೊಡ, ಬಕೆಟ್ಟು, ಡ್ರಮ್ಮು ತುಂಬಿಸಿಡುವುದು. ಅದರ ಮೇಲೆ ಕೂತು ಹೋದರೆ ಹೇಗಿರುತ್ತದೆ ಎಂದು ಒಮ್ಮೆ ನೋಡಬೇಕಿತ್ತು. ಅಷ್ಟೇ.

ಅದಕ್ಕೆಂದೇ ಹಂಪಿಗೆ ಹೋಗುವುದೆಂದು ತೀರ್ಮಾನವಾಯಿತು. ಹುಬ್ಬಳ್ಳಿಯಿಂದ ಹೊಸಪೇಟೆಗೆ ರೈಲು, ಅಲ್ಲಿಂದ ಹಂಪಿಗೆ ಬಸ್ಸು, ಹಂಪಿಯಲ್ಲಿ ಹೊಳೆ ದಾಟುವ ದೋಣಿ. ಹೊರಟವರು ಮೂವರು, ಮೂವರೂ ಬಸ್ಸಿನ ಗೆಳತಿಯರು. ಧಾರವಾಡ-ಹುಬ್ಬಳ್ಳಿ ನಡುವೆ ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಜೋತಾಡಿ, ಕಿಟಕಿಯಿಂದ ದಸ್ತಿ, ಅಂದರೆ ಕರವಸ್ತ್ರ, ಎಸೆದು ಒಬ್ಬರಿಗೊಬ್ಬರು ಸೀಟು ಹಿಡಿದು, ಡಬ್ಬಿಯ ಪಲ್ಯ ಹಂಚಿಕೊಂಡು ಗೆಳತಿಯರಾದವರು. ಒಬ್ಬಳು ಬ್ಯಾಂಕಿನವಳು, ನನ್ನ ಓರಗೆಯವಳು. ಇನ್ನೊಬ್ಬಳು ಪ್ರಾಥಮಿಕ ಶಾಲೆಯ ಟೀಚರು, ನಮಗಿಂತ ಚಿಕ್ಕವಳು. ನಾನು ಒಂದು ಕಾಲೇಜಿನ ಕಚೇರಿಯಲ್ಲಿ ಇದ್ದೇನೆ. ನನ್ನ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿದೆ. ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಎರಡು ದಿನ ಅದನ್ನು ಮರೆಯಲು ನನಗೆ ಯಾರೂ ಬಿಡಲಿಲ್ಲ.

ಖರ್ಚು ಹಿಡಿತದಲ್ಲಿಡುವ ಹೊಣೆಯನ್ನು ಬ್ಯಾಂಕಿನವಳು ತಾನೇ ಹೊತ್ತುಕೊಂಡಳು. ರೈಲಿಗೆ ಜನರಲ್ ಟಿಕೆಟ್. ಬಸ್ಸು ಹೇಗೂ ಹೆಂಗಸರಿಗೆ ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಮುಗಿಯಿತು. ಉಳಿದದ್ದು ಲಾಡ್ಜು.

‘ಲಾಡ್ಜಿಗೆ ಯಾಕ ರೊಕ್ಕಾ ಸುರೀತಿ? ಹೊಸಪ್ಯಾಟ್ಯಾಗ ನಮ್ಮ ಕಾಕು ಅದಾಳ,’ ಅಂದಳು.

ಕಾಕು ಎಂದರೆ ಅವಳ ಚಿಕ್ಕಪ್ಪನ ಹೆಂಡತಿ. ಆಗಲೇ ನಾನು ಬೇಡ ಅನ್ನಬೇಕಿತ್ತು. ನಮ್ಮ ಕಡೆ ಒಬ್ಬರ ಮನೆಗೆ ಹೋದರೆ ಅದು ಒಂದೇ ಮನೆಗೆ ಮುಗಿಯುವುದಿಲ್ಲ ಎಂದು ನನಗೇನು ಗೊತ್ತಿರಲಿಲ್ಲವೇ? ಆದರೆ ಪುಕ್ಕಟೆ ಎಂದರೆ ಯಾರಿಗೆ ಬೇಡ. ಹೂಂ ಅಂದೆ.

ಶನಿವಾರ ಬೆಳಿಗ್ಗೆ ರೈಲು ಹತ್ತಿದೆವು. ಗದಗ ದಾಟುವ ತನಕ ನಿಂತೇ ಹೋದೆವು. ಕೊಪ್ಪಳದಲ್ಲಿ ಹತ್ತಿದ ಹಿರಿಯರೊಬ್ಬರು ನಮ್ಮ ಮಾತು ಕೇಳಿಸಿಕೊಂಡು, ‘ದೋಣಿಗೆ ಹೋಗವರೇನ್ರಿ? ಹಂಗಾದ್ರ ಲಗೂ ಹೋಗ್ರಿ. ಡ್ಯಾಮ್ ತುಂಬಾಕ ಬಂದೈತಿ. ಸೋಮವಾರ ಗೇಟ್ ತೆಗೀತಾರಂತ. ಆಮ್ಯಾಗ ದೋಣಿ ಬಂದ್,’ ಅಂದರು. ನಮಗಿದ್ದದ್ದು ಶನಿವಾರ, ಭಾನುವಾರ ಎರಡೇ ದಿನ. ಭಾನುವಾರ ರಾತ್ರಿಯ ರೈಲಿಗೆ ವಾಪಸ್ ಹೊರಡಬೇಕು. ನಾನು ಗೆಳತಿಯರ ಮುಖ ನೋಡಿದೆ. ‘ಆಗ್ತೈತಿ ತಗೊ,’ ಅಂದಳು ಬ್ಯಾಂಕಿನವಳು.

ಶನಿವಾರ ಕಾಕುವಿನ ಮನೆಯಲ್ಲೇ ಮುಳುಗಿತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ. ಉಂಡ ಮೇಲೆ ಹಾಸಿಗೆ ಹಾಸಿಯೇಬಿಟ್ಟರು. ಎದ್ದಾಗ ಚಹಾ. ಚಹಾದ ಹೊತ್ತಿಗೆ ಓಣಿಯ ಹೆಂಗಸರು ನಮ್ಮನ್ನು ನೋಡಲು ಬಂದರು. ಹಂಪಿ ನೋಡಲು ಬಂದವರು ನಾವೋ ಅವರೋ ತಿಳಿಯದಾಯಿತು. ನಾನು ಮೂರು ಸಲ ‘ದೋಣಿ’ ಅಂದೆ, ಮೂರು ಸಲವೂ ‘ನಾಳೆ’ ಅಂದರು.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸ್ನಾನ ಮುಗಿಸಿ ಬಾಗಿಲಲ್ಲಿ ನಿಂತೆ. ಆದರೆ ಉಡಿ ತುಂಬದೆ ಕಾಕು ಬಿಡುತ್ತಾರೆಯೇ? ಮನೆಗೆ ಬಂದ ಮುತ್ತೈದೆಯನ್ನು ಬರಿಗೈಲಿ ಕಳಿಸಬಾರದು. ಸೆರಗು ಒಡ್ಡಿಸಿ, ಅದರೊಳಗೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನದ ಕೊಂಬು, ಕುಪ್ಪಸದ ಖಣ ಹಾಕಿ, ಹಣೆಗೆ ಕುಂಕುಮ ಹಚ್ಚಿ ಕಳಿಸಬೇಕು. ಗಂಡ ಇಲ್ಲದವಳಿಗೆ ಇದಿಲ್ಲ. ಕಾಕು ಎರಡು ಮಣೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, ‘ನೀವು ಆರಾಮ ಕೂಡ್ರಿ, ಫ್ಯಾನ್ ಕೆಳಗ ಬರ್ರಿ,’ ಅಂದು ಕೈಗೆ ಒಂದು ಬಾಳೆಹಣ್ಣು ಕೊಟ್ಟರು. ಕಾಕು ಕೆಟ್ಟವರಲ್ಲ. ಫ್ಯಾನಿನ ಗಾಳಿಯೂ ಚೆನ್ನಾಗಿತ್ತು.

ಎರಡು ಉಡಿಯನ್ನೂ ಒಂದು ದೊಡ್ಡ ಚೀಲಕ್ಕೆ ತುಂಬಿದರು. ಮೆಟ್ಟಿಲು ಇಳಿಯುವಾಗ ಬ್ಯಾಂಕಿನವಳು ಕಾಲಲ್ಲಿ ಚಪ್ಪಲಿ ಸಿಗಿಸಿಕೊಳ್ಳುತ್ತ, ‘ನಿನ್ನ ಕೈ ಖಾಲಿ ಅದಾವಲ್ಲ, ಸ್ವಲ್ಪ ಹಿಡಿ,’ ಅಂದಳು. ಹಿಡಿದೆ. ಆ ‘ಸ್ವಲ್ಪ’ ಸಂಜೆಯ ತನಕ ಮುಗಿಯಲಿಲ್ಲ.

‘ಈಗ ಬಸ್ ಸ್ಟ್ಯಾಂಡಿಗೆ,’ ಅಂದೆ.

‘ಇಲ್ಲೇ ಬಾಜೂ ಓಣ್ಯಾಗ ಕಾಕುನ ಬೀಗರು ಅದಾರ. ಐದ ಮಿನಿಟ್ ಮಾತಾಡ್ಸಿ ಹೋಗೂಣು. ಗೊತ್ತಾದ್ರ ಏನಂತಾರ?’

‘ಅವರಿಗೆ ಯಾಕ ಗೊತ್ತಾಗ್ಬೇಕು?’

‘ಕಾಕು ಆಗಲೇ ಫೋನ್ ಹಚ್ಯಾಳ.’

ಬೀಗರ ಮನೆಯಲ್ಲಿ ಉಪ್ಪಿಟ್ಟು, ಶಿರಾ. ಅದಾದ ಮೇಲೆ ಮನೆಯ ಹಿರಿಯ ಹೆಂಗಸು ತಟ್ಟೆ ಹಿಡಿದು ಬಂದರು. ಕಚೇರಿಗೆ ಹೋಗುವ ಹಾಗೆಯೇ ನಾನು ಸ್ಟಿಕ್ಕರ್ ಕುಂಕುಮ ಇಟ್ಟಿದ್ದೆ, ಕೈಯಲ್ಲಿ ಬಳೆ ಇದ್ದವು. ಅವರಿಗೆ ನನ್ನ ವಿಷಯ ಗೊತ್ತಿರಲಿಲ್ಲ. ‘ಬರ್ರಿ, ನೀವು ಹಿರೇರು ಕಾಣ್ತೀರಿ. ಮೊದಲ ನಿಮಗ,’ ಅಂದರು.

ನಾನು ಎದ್ದೆ. ಖರೇ ಹೇಳುತ್ತೇನೆ, ಎದ್ದೆ. ಬೇಕು ಎಂದಲ್ಲ, ಬೇಡ ಎಂದೂ ಅಲ್ಲ. ಕರೆದರು, ಎದ್ದೆ. ಕೈ ತಾನಾಗಿ ಸೆರಗಿನ ತುದಿ ಹಿಡಿದಿತ್ತು.

‘ಅವರಿಗೆ ಬ್ಯಾಡ್ರಿ,’ ಅಂದಳು ನನ್ನ ಬ್ಯಾಂಕಿನ ಗೆಳತಿ. ‘ಅವರಿಗೆ ನಡ್ಯಂಗಿಲ್ಲ.’

ಆ ಹೆಂಗಸಿನ ಕೈಯಲ್ಲಿದ್ದ ತೆಂಗಿನಕಾಯಿ ಅಲ್ಲೇ ನಿಂತಿತು. ಅವರು ಪಾಪ ನನಗಿಂತ ಹೆಚ್ಚು ನಾಚಿಕೊಂಡರು. ಒಳಗೆ ಹೋಗಿ ಬಾಳೆಹಣ್ಣು ತಂದರು, ಒಂದಲ್ಲ, ಎರಡು. ನಾನು ಕೂತೆ. ನನಗೆ ಸಿಟ್ಟು ಬಂದದ್ದು ಆ ಮನೆಯವರ ಮೇಲಲ್ಲ. ಗುರುತಿಲ್ಲದವರು ಕೊಡಲು ಬಂದಿದ್ದರು, ಹದಿನೈದು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು ಬೇಡ ಅಂದಳು. ನನ್ನ ಪರವಾಗಿ ನಾನೇ ಬೇಡ ಅನ್ನಬಹುದಿತ್ತಲ್ಲ. ಅಷ್ಟಾದರೂ ನನಗೆ ಬಿಡಬಹುದಿತ್ತು.

ಹೊರಗೆ ಬಂದ ಮೇಲೆ ಚೀಲ ಮತ್ತೆ ನನ್ನ ಕೈಗೆ ಬಂತು, ಈಗ ಎರಡು ಪಟ್ಟು ಭಾರವಾಗಿ. ಉಡಿಯ ಅಕ್ಕಿಯನ್ನು ಎಲ್ಲೆಂದರಲ್ಲಿ ಬಿಟ್ಟು ಬರುವಂತಿಲ್ಲ. ಮನೆಗೆ ಒಯ್ದು ಅಡಿಗೆ ಮಾಡಿ ಉಣ್ಣಬೇಕು. ಉಣ್ಣುವವರು ಅವರು, ಹೊರುವವಳು ನಾನು. ‘ನಾ ಹಿಡೀಲ್ರಿ ಅಕ್ಕಾ?’ ಎಂದು ಟೀಚರು ಒಮ್ಮೆ ಕೇಳಿದಳು. ಕೇಳಿ, ಉತ್ತರಕ್ಕೆ ಕಾಯದೆ ಫೋಟೋ ತೆಗೆಯಲು ಮುಂದೆ ಹೋದಳು.

ಹಂಪಿಯ ಬಸ್ಸು ಹತ್ತಿದಾಗ ಮಧ್ಯಾಹ್ನ ಇಳಿದಿತ್ತು. ಸದ್ಯ, ಇನ್ನು ನೇರ ಹೊಳೆಗೆ ಅಂದುಕೊಂಡೆ. ಕಮಲಾಪುರ ಬರುತ್ತಲೇ ಟೀಚರು ಎದ್ದು ನಿಂತಳು. ಅವಳ ಹಳೆಯ ಸಹೋದ್ಯೋಗಿಯೊಬ್ಬರು ವರ್ಗವಾಗಿ ಈಗ ಅಲ್ಲಿದ್ದಾರಂತೆ. ಹಿಂದಿನ ದಿನ ರೈಲಿನಿಂದ ತೆಗೆದ ಫೋಟೋವನ್ನು ಇವಳು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದಾಳೆ, ಅವರು ನೋಡಿದ್ದಾರೆ. ನೋಡಿದ ಮೇಲೆ ಹೋಗದೆ ಇರಲಾಗುತ್ತದೆಯೇ?

‘ದೋಣಿ ಆರಕ್ಕ ಬಂದ್ ಆಗ್ತೈತಿ,’ ಅಂದೆ. ನನ್ನ ದನಿ ಏರಿತ್ತು. ಕಂಡಕ್ಟರ್ ತಿರುಗಿ ನೋಡಿದ.

‘ಬರೇ ಚಾ ಕುಡ್ದು ಹೋಗೂದ್ರಿ ಅಕ್ಕಾ.’

ಆ ಮನೆಯ ಒಳಗೆ ನಾನು ಹೋಗಲಿಲ್ಲ. ಕಾಲು ನೋವು ಎಂದು ಸುಳ್ಳು ಹೇಳಿ ಹೊರಗೆ ಕಟ್ಟೆಯ ಮೇಲೆ, ಚೀಲದ ಪಕ್ಕದಲ್ಲಿ ಕೂತೆ. ಒಳಗಿನಿಂದ ನಗು ಕೇಳಿಸಿತು, ಬಟ್ಟಲ ಸದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಅವರು ಬಂದರು, ಹಣೆ ತುಂಬ ಹೊಸ ಕುಂಕುಮ, ಕೈಯಲ್ಲಿ ಮತ್ತೆ ಎರಡು ತೆಂಗಿನಕಾಯಿ. ಅವರ ಹಿಂದೆ ಬಂದ ಮನೆಯೊಡತಿ ನನಗೆ ಬಾಳೆಹಣ್ಣು ಕೊಟ್ಟಳು. ಹಂಪಿಯ ಹೆಸರು ಹೇಳಿದರೆ ಜನಕ್ಕೆ ಕಲ್ಲಿನ ರಥ ನೆನಪಾಗುತ್ತದೆ, ನನಗೆ ಬಾಳೆಹಣ್ಣು.

ಹೊಳೆ ಮುಟ್ಟಿದಾಗ ಬಿಸಿಲು ಹಳದಿಯಾಗಿತ್ತು. ಮೆಟ್ಟಿಲ ಕೆಳಗೆ ದೋಣಿ ನಿಂತಿತ್ತು, ಏಳೆಂಟು ಜನ ಕೂತಿದ್ದರು. ಹೋದ ಜೀವ ಬಂದಂತಾಯಿತು.

ದೋಣಿಯವನು ಕೂಗಿ ಹೇಳಿದ: ‘ಕಡೀ ಸಲ ರೀ. ಆ ದಂಡಿಗೆ ಹೋಗಿ, ಅಲ್ಲಿದ್ದವರನ್ನ ಕರ್ಕೊಂಡು ಬರೂದು, ಆತು. ನಾಳಿಂದ ಬಂದ್. ಬರವರು ಬರ್ರಿ.’

ನಾನು ಇಳಿಯತೊಡಗಿದೆ. ಹಿಂದೆ ಗೆಳತಿಯರ ಸದ್ದಿರಲಿಲ್ಲ. ತಿರುಗಿದರೆ ಇಬ್ಬರೂ ಮೆಟ್ಟಿಲ ಅಂಚಿನಲ್ಲಿ ನೀರಿಗೆ ಮುಖ ಮಾಡಿ ಕೂತುಬಿಟ್ಟಿದ್ದಾರೆ.

‘ಏ, ಆ ಚೀಲ ಇಲ್ಲಿ ತಾ,’ ಅಂದಳು ಬ್ಯಾಂಕಿನವಳು. ‘ಇಷ್ಟ ದೂರ ಬಂದು ಗಂಗವ್ವಗ ಉಡಿ ತುಂಬಲಾರದ ಹೊಳಿ ದಾಟೂದು ಹೆಂಗ? ಕಾಯಿ ಅದಾವು, ಖಣ ಐತಿ, ಎಲ್ಲಾ ಐತಿ. ಒಂದ ಮಿನಿಟ್.’

ಚೀಲವನ್ನು ಅವಳ ಪಕ್ಕದಲ್ಲಿ ಇಟ್ಟೆ. ಅವಳು ಅರಿಶಿನ ಕುಂಕುಮ ತೆಗೆದಳು. ಅಕ್ಕಿ ತೆಗೆದಳು. ಹಸಿರು ಖಣದ ಮಡಿಕೆ ಬಿಚ್ಚಿ ನೀರಿನ ಮೇಲೆ ಹಿಡಿದಳು. ಟೀಚರು ಊದಿನಕಡ್ಡಿ ಹುಡುಕತೊಡಗಿದಳು. ಗಾಳಿಗೆ ಕಡ್ಡಿಪೆಟ್ಟಿಗೆ ಕೇಳುತ್ತಿರಲಿಲ್ಲ, ಒಂದು ಗೀರಿದರೆ ಆರಿತು, ಇನ್ನೊಂದು ಗೀರಿದರೆ ಅದೂ ಆರಿತು. ಹೊಳೆಗೂ ಉಡಿ ಬಂತು. ನಾನು ಅಲ್ಲಿ ನಿಂತು ನೋಡಿದೆ. ದೋಣಿಯ ಇಂಜಿನ್ ಶುರುವಾಯಿತು.

‘ಒಂದ ಮಿನಿಟ್ ತಡಿ ಅನ್ನ ಅವಗ,’ ಅಂದಳು ಬ್ಯಾಂಕಿನವಳು, ತಲೆ ಎತ್ತದೆ.

ನಾನು ಅನ್ನಲಿಲ್ಲ. ಮೆಟ್ಟಿಲು ಇಳಿದು, ಸೀರೆ ಎತ್ತಿ ಹಿಡಿದು, ದೋಣಿಯವನು ಚಾಚಿದ ಕೈ ಹಿಡಿದು ಹತ್ತಿದೆ.

‘ಒಬ್ಬರ ಏನ್ರಿ?’ ಎಂದು ಕೇಳಿದ.

‘ಹೌದ್ರಿ, ಒಬ್ಬಾಕಿನ.’

ಸವಾರಿ ಅಂಥದ್ದೇನಿರಲಿಲ್ಲ. ಲೈಫ್ ಜಾಕೆಟ್ಟು ಮುಗ್ಗಲು ವಾಸನೆ ಬರುತ್ತಿತ್ತು, ಡೀಸೆಲ್ ಹೊಗೆ ಮೂಗಿಗೇ ಹೊಡೆಯುತ್ತಿತ್ತು, ಹಲಗೆ ಒದ್ದೆಯಾಗಿ ಸೀರೆ ಹಿಂದೆಲ್ಲ ನೆನೆಯಿತು. ಸರಿಯಾಗಿ ಕೂರುವಷ್ಟರಲ್ಲಿ ನಡುಹೊಳೆ. ಅಲ್ಲಿ ನೀರು ಒತ್ತಿ ಬಂದು ದೋಣಿಯನ್ನು ಒಂದು ಕಡೆ ದಬ್ಬಿತು. ನನಗೆ ನಗು ಬಂತು. ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನು ನೋಡಿ ತಾನೂ ನಕ್ಕಳು. ಕೈ ಇಳಿಬಿಟ್ಟೆ, ನೀರು ತಣ್ಣಗಿತ್ತು, ಬೆರಳುಗಳನ್ನು ಎಳೆಯುತ್ತಿತ್ತು. ಎರಡು ದಿನದಲ್ಲಿ ಮೊದಲ ಸಲ ಬ್ಯಾಡ್ರಿ ಅನ್ನುವವರು ಯಾರೂ ಹತ್ತಿರ ಇರಲಿಲ್ಲ.

ಆಚೆ ದಂಡೆಯಲ್ಲಿ ಜನ ಹತ್ತಿದರು, ದೋಣಿ ತಿರುಗಿತು. ಬರುವಾಗ ಮೆಟ್ಟಿಲ ಮೇಲೆ ಇಬ್ಬರೂ ನಿಂತಿರುವುದು ಕಾಣಿಸಿತು, ನಡುವೆ ಚೀಲ.

‘ನಮ್ಮನ್ನ ಬಿಟ್ಟು ಹೋದಿ,’ ಅಂದಳು ಬ್ಯಾಂಕಿನವಳು. ಮುಖ ಕೆಂಪಾಗಿತ್ತು.

‘ಹೌದು.’

‘ನಾವೂ ದೋಣಿಗೇ ಬಂದಿದ್ವಿ.’

‘ನೀವು ಬಂದಿರಲಿಲ್ಲ. ನಾ ಬಂದಿದ್ದೆ.’

ಟೀಚರು ಕೈಗಡಿಯಾರ ನೋಡಿ ಬಸ್ಸಿಗೆ ಹೊತ್ತಾಯಿತು ಅಂದಳು. ಬ್ಯಾಂಕಿನವಳು ಚೀಲವನ್ನು ನನ್ನ ಕಡೆ ಸರಿಸಿದಳು. ಬೇಕೆಂದು ಮಾಡಿದ್ದಲ್ಲ, ಬೆಳಗಿನಿಂದ ಹಾಗೇ ರೂಢಿಯಾಗಿತ್ತು.

‘ನಿಮ್ಮ ಉಡಿ ಐತಿ,’ ಅಂದೆ. ‘ನೀವ ಹೊರ್ರಿ.’

ಜೋರಾಗಿ ಹೇಳಲಿಲ್ಲ. ಆದರೂ ಟೀಚರು ತಲೆ ತಗ್ಗಿಸಿದಳು. ಬ್ಯಾಂಕಿನವಳು ನನ್ನ ಮುಖವನ್ನು ನೋಡಿದಳು, ಬೀಗರ ಮನೆಯಲ್ಲಿ ನೋಡಬೇಕಿದ್ದ ಹಾಗೆ. ಆಮೇಲೆ ಇಬ್ಬರೂ ಚೀಲದ ಒಂದೊಂದು ಹಿಡಿಕೆ ಹಿಡಿದು ಎತ್ತಿದರು. ತೆಂಗಿನಕಾಯಿಗಳು ಒಂದಕ್ಕೊಂದು ಬಡಿಯುತ್ತಿದ್ದವು. ನಾನು ಅವರಿಗೆ ಕಾಯಲಿಲ್ಲ, ಅವರೂ ನನಗೆ ಕಾಯಲಿಲ್ಲ. ಒದ್ದೆ ಸೀರೆ ಹಿಂಡಿಕೊಳ್ಳಲು ನಿಂತ ನಾನೇ ಹಿಂದೆ ಉಳಿದೆ.

ಬಸ್ಸು ತುಂಬಿಹೋಗಿತ್ತು. ಹೊಸಪೇಟೆಯ ತನಕ ನಿಂತೇ ಹೋಗಬೇಕು ಎಂದುಕೊಳ್ಳುತ್ತ ಜನರ ನಡುವೆ ನುಗ್ಗಿದೆ. ಬ್ಯಾಂಕಿನವಳು ಕೂತಿದ್ದಳು. ಪಕ್ಕದ ಕಿಟಕಿ ಸೀಟಿನ ಮೇಲೆ ಅವಳ ದಸ್ತಿ ಹಾಸಿತ್ತು. ನನ್ನನ್ನು ಕಂಡು ದಸ್ತಿ ಎತ್ತಿಕೊಂಡಳು, ಕಾಲು ಮಡಚಿ ದಾರಿ ಬಿಟ್ಟಳು. ನನ್ನ ಸಿಟ್ಟು ಇಳಿದಿರಲಿಲ್ಲ. ಆದರೂ ಹೋಗಿ ಕೂತೆ.

ಚೀಲ ಅವಳ ತೊಡೆಯ ಮೇಲಿತ್ತು. ರಸ್ತೆಯ ತಗ್ಗಿಗೆ ಬಸ್ಸು ಎತ್ತಿ ಹಾಕಿದಾಗಲೆಲ್ಲ ಕಾಯಿಗಳು ಅವಳ ಹೊಟ್ಟೆಗೆ ಬಡಿಯುತ್ತಿದ್ದವು. ಅವಳು ನನಗೆ ‘ಹಿಡಿ’ ಅನ್ನಲಿಲ್ಲ.