ಉಗುರಿಗೆ ಸಿಕ್ಕ ಗೆರೆ

ಕಾರ್ಖಾನೆಯಲ್ಲಿ ನಮ್ಮಪ್ಪನನ್ನು ಎಲ್ಲರೂ ‘ಕನ್ನಡಿ’ ಎಂದೇ ಕರೆಯುತ್ತಿದ್ದರು. ಪ್ಲಾಸ್ಟಿಕ್ ಕರಗಿಸಿ ಸುರಿಯುವ ಉಕ್ಕಿನ ಅಚ್ಚುಗಳನ್ನು ಉಜ್ಜಿ ನುಣುಪು ಮಾಡುವುದು ಅವನ ಕೆಲಸ. ಮೊದಲು ಉಪ್ಪುಕಾಗದ, ಆಮೇಲೆ ಇನ್ನೂ ನಯವಾದ ಉಪ್ಪುಕಾಗದ, ಕೊನೆಗೆ ವಜ್ರದ ಪುಡಿ ಬೆರೆಸಿದ ಜಿಡ್ಡು. ತನ್ನ ಮೀಸೆಯ ಕೂದಲನ್ನು ಅಚ್ಚಿನಲ್ಲಿ ಎಣಿಸುವಂತಾಗುವವರೆಗೆ ಬಿಡುತ್ತಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ಒಂದು ಹೊಸ ಕಂಪ್ಯೂಟರ್ ಮಾರುಕಟ್ಟೆಗೆ ಬಂತು. ಒಂದು ಗೇಣು ಅಗಲ, ಒಂದು ಗೇಣು ಎತ್ತರ, ಅಷ್ಟೇ. ಒಳಗೆ ಫ್ಯಾನ್ ಇಲ್ಲ, ಬಿಸಿ ಗಾಳಿ ಮೇಲಿನ ಕಿಂಡಿಯಿಂದ ತಾನಾಗಿ ಹೊರಟುಹೋಗುತ್ತದೆ. ಸ್ವಿಚ್ ಒತ್ತುವುದೂ ಬೇಡ, ಬೆರಳು ತಾಗಿಸಿದರೆ ಸಾಕು. ಸುತ್ತ ಗಾಜಿನಂತೆ ತಿಳಿಯಾದ ಕವಚ. ಆ ಕವಚದ ಅಚ್ಚನ್ನು ಉಜ್ಜಿದವನು ಅಪ್ಪ. ಪತ್ರಿಕೆಗಳು ಹಾಡಿ ಹೊಗಳಿದವು. ಅಪ್ಪ ನಮ್ಮನ್ನು ಅಂಗಡಿಯ ಮುಂದೆ ನಿಲ್ಲಿಸಿ ಗಾಜಿನಾಚೆ ಇದ್ದ ಅದನ್ನು ತೋರಿಸಿದ್ದೇ ತೋರಿಸಿದ್ದು. “ಹೆತ್ತವರಿಗೆ ಹೆಗ್ಗಣ ಮುದ್ದು” ಎಂದು ಅಮ್ಮ ನಕ್ಕಳು.

ನೋಡಿದವರು ನೂರು ಜನ, ಕೊಂಡವರು ಮೂರು. ಬೆಲೆ ಕೈಗೆಟುಕುತ್ತಿರಲಿಲ್ಲ. ಅದೇ ಕಂಪನಿಯ ದೊಡ್ಡ ಕುರೂಪಿ ಪೆಟ್ಟಿಗೆ ಕಡಿಮೆ ಬೆಲೆಗೆ ಹೆಚ್ಚು ಕೆಲಸ ಮಾಡುತ್ತಿತ್ತು. ಯಾರಾದರೂ ಇದರ ಮೇಲೆ ಫೈಲು ಇಟ್ಟರೆ ಕಿಂಡಿ ಮುಚ್ಚಿ ತಟ್ಟನೆ ಆರಿಹೋಗುತ್ತಿತ್ತು. ಸಾಲದ್ದಕ್ಕೆ ಕವಚದ ಮೂಲೆಯಲ್ಲಿ ಕೂದಲೆಳೆಯಂಥ ಗೆರೆ. “ಹೊಸದೇ ಬಿರುಕು ಬಿಟ್ಟಿದೆ” ಎಂದು ಜನ ವಾಪಸು ತಂದರು.

ಅದು ಬಿರುಕಾಗಿರಲಿಲ್ಲ. ಕರಗಿದ ಪ್ಲಾಸ್ಟಿಕ್ ಎರಡು ಕಡೆಯಿಂದ ಹರಿದು ಬಂದು ಕೂಡುವ ಕಡೆ ಉಳಿಯುವ ಗುರುತು. ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳಿದ: “ಉಗುರು ಆಡಿಸಿ ನೋಡಿ. ಸಿಕ್ಕಿಕೊಂಡ್ರೆ ಬಿರುಕು, ಜಾರಿದ್ರೆ ಬರೀ ಗೆರೆ.” ಕೇಳುವವರು ಯಾರು? ಅವನ ಮೇಸ್ತ್ರಿಯೇ ನಂಬಲಿಲ್ಲ, ಅಚ್ಚು ಸರಿಯಾಗಿ ಉಜ್ಜಿಲ್ಲ ಎಂದರು. ವರ್ಷ ತುಂಬುವಷ್ಟರಲ್ಲಿ ಆ ಕಂಪ್ಯೂಟರ್ ಮಾಡುವುದನ್ನೇ ನಿಲ್ಲಿಸಿದರು. ಅಪ್ಪನನ್ನು ಬಕೆಟ್ಟಿನ ಮುಚ್ಚಳಗಳ ಅಚ್ಚಿಗೆ ಹಾಕಿದರು. ಬಕೆಟ್ಟಿನ ಮುಚ್ಚಳದಲ್ಲಿ ಯಾರು ಮುಖ ನೋಡಿಕೊಳ್ಳುತ್ತಾರೆ?

ವಾಪಸು ಬಂದ ಒಂದು ಕವಚವನ್ನು ಕೇಳಿ ತಂದು ಅಪ್ಪ ನಡುಮನೆಯ ಕಪಾಟಿನ ಮೇಲಿಟ್ಟ. ಮನೆಗೆ ಬಂದವರು ಅದರ ಗೆರೆಯ ಮೇಲೆ ಉಗುರು ಆಡಿಸದೆ ಹೋಗುವಂತಿರಲಿಲ್ಲ. ನಲ್ಲಿ ರಿಪೇರಿಯವನು ಆಡಿಸಿದ, ನನ್ನ ಲೆಕ್ಕದ ಟೀಚರೂ ಆಡಿಸಿದರು. ಉಗುರು ಜಾರಿದಾಗಲೆಲ್ಲ ಅಪ್ಪನ ಮುಖ ಅರಳುತ್ತಿತ್ತು. ನನಗೋ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಗುತ್ತಿತ್ತು.

ಹನ್ನೆರಡನೆಯ ವಯಸ್ಸಿನಲ್ಲಿ, ಕಪಾಟಿನ ಧೂಳು ಒರೆಸುವಾಗ ಅದು ನನ್ನ ಕೈಯಿಂದ ಜಾರಿ ಬಿತ್ತು. ಒಡೆಯಲಿಲ್ಲ. ಆದರೆ ಆ ಗೆರೆಯ ಮೇಲೆ ಉಗುರು ಆಡಿಸಿದರೆ ಸಿಕ್ಕಿಕೊಂಡಿತು. ನಾನು ಆ ಮೂಲೆಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಅಪ್ಪ ಎಂದೂ ನನ್ನನ್ನು ಹೊಡೆದವನಲ್ಲ. ಅವನ ಮುಖ ಬಾಡುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ.

ಎರಡು ವಾರದ ಮೇಲೆ ಆ ಮೇಸ್ತ್ರಿಯೇ ಮನೆಗೆ ಬಂದರು.

“ಇವತ್ತು ನೀವು ಒಪ್ಕೊಳ್ಳಲೇಬೇಕು ಮೇಸ್ತ್ರಿ” ಎಂದು ಅಪ್ಪ ಕವಚವನ್ನು ಅವರ ತೊಡೆಯ ಮೇಲಿಟ್ಟ. ಅವರು ಉಗುರು ಆಡಿಸಿದರು. ಇನ್ನೊಮ್ಮೆ ಆಡಿಸಿದರು. “ಸಿಕ್ಕಿಕೊಳ್ತಲ್ಲಯ್ಯಾ” ಎಂದರು, ಮೆಲ್ಲಗೆ.

ಅಪ್ಪ ತಾನೇ ಆಡಿಸಿ ನೋಡಿದ. ಆಮೇಲೆ ನಮ್ಮತ್ತ ತಿರುಗಿ ಕೇಳಿದ: “ಯಾರಾದ್ರೂ ಬೀಳಿಸಿದ್ರಾ?”

ಅಮ್ಮ ಇಲ್ಲ ಎಂದಳು. ಅಪ್ಪ ನನ್ನನ್ನೇ ನೋಡುತ್ತಿದ್ದ. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಇಲ್ಲ ಎಂದು ತಲೆಯಾಡಿಸಿದೆ.

“ಹಾಗಾದ್ರೆ ತಾನಾಗೇ ಬಾಯಿ ಬಿಟ್ಟಿದೆ. ಜನ ಹೇಳಿದ್ದೇ ಸರಿ. ನನ್ನ ಕೆಲಸವೇ ಕೆಟ್ಟದಾಗಿತ್ತು” ಎಂದ ಅಪ್ಪ.

ಕವಚ ಅಟ್ಟಕ್ಕೆ ಹೋಯಿತು. ಯಾರಾದರೂ ಕನ್ನಡಿ ಎಂದರೆ “ಹಾಗೆ ಕರೀಬೇಡ್ರಪ್ಪಾ” ಎನ್ನತೊಡಗಿದ ಅಪ್ಪ. ಎಷ್ಟೋ ವರ್ಷಗಳ ನಂತರ, ಆ ಕಂಪ್ಯೂಟರನ್ನು ಯಾವುದೋ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆಂದು ಪತ್ರಿಕೆಯಲ್ಲಿ ಬಂದದ್ದನ್ನು ಅವನಿಗೆ ಓದಿ ಹೇಳಿದೆ. “ಬಿರುಕು ಗೋಡೆ ಕಡೆ ತಿರುಗಿಸಿ ಇಟ್ಟಿರ್ತಾರೆ” ಎಂದ. ಆಗಲೂ ಹೇಳಲಿಲ್ಲ ನಾನು, ಹೇಡಿ.

ಹೇಳಿದ್ದು ಆಸ್ಪತ್ರೆಯಲ್ಲಿ, ಇನ್ನು ದಿನಗಳಷ್ಟೇ ಎಂದು ಡಾಕ್ಟರು ಹೇಳಿದ ಮೇಲೆ. ಉಜ್ಜಿ ಉಜ್ಜಿ ಗೆರೆಗಳೇ ಅಳಿಸಿಹೋಗಿದ್ದ ಅವನ ಬೆರಳುಗಳನ್ನು ಹಿಡಿದುಕೊಂಡು, “ಅಪ್ಪಾ, ಅದನ್ನ ಬೀಳಿಸಿದ್ದು ನಾನು. ನಿನ್ನ ಕೆಲಸದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ” ಎಂದೆ.

ಅಪ್ಪ ನಕ್ಕು ನನ್ನ ಕೈ ತಟ್ಟಿದ.

“ಅವತ್ತೇ ಕೇಳಿದ್ದೆನಲ್ಲ ಪುಟ್ಟೀ, ನೀನು ಇಲ್ಲ ಅಂದಿದ್ದೆ. ನೀನು ಸುಳ್ಳು ಹೇಳೋ ಮಗು ಆಗಿರಲಿಲ್ಲ. ಈಗ ನನ್ನ ಸಮಾಧಾನಕ್ಕೆ ಸುಳ್ಳು ಹೇಳೋದನ್ನ ಯಾಕೆ ಕಲೀತೀಯ?”