ಕೆಲಸವಿಲ್ಲ ಎಂಬ ಘೋಷಣೆ

ತಿಂಗಳ ಇಪ್ಪತ್ತೈದರೊಳಗೆ ಮಾಳೇಶ ತಾನು ನಿರುದ್ಯೋಗಿ ಎಂದು ಸರ್ಕಾರಕ್ಕೆ ತಿಳಿಸಬೇಕು. ತಿಳಿಸಿದರೆ ಪದವೀಧರರ ಭತ್ಯೆ ಖಾತೆಗೆ ಬರುತ್ತದೆ, ಮರೆತರೆ ಆ ತಿಂಗಳದ್ದು ಇಲ್ಲ. ಮೊಬೈಲಿನಲ್ಲೇ ಮುಗಿಯುವ ಕೆಲಸ. ಆದರೆ ಅವನ ಆಧಾರ್ ಮಾಡಿಸಿದಾಗ ಮನೆಯಲ್ಲಿದ್ದದ್ದು ಒಂದೇ ಫೋನು, ಅಪ್ಪ ದೊಡ್ಡಬೀರಪ್ಪನದು. ಒಟಿಪಿ ಇಂದಿಗೂ ಅದಕ್ಕೇ ಬರುತ್ತದೆ. ಅಪ್ಪನಿಗೆ ಓದು ಬಾರದು. ಹಾಗಾಗಿ ತಮ್ಮೂರು ಬಂದಳಿಕೆಯ ಆಸುಪಾಸಿನಲ್ಲಿ ಕುರಿ ಎಲ್ಲಿ ಮೇಯುತ್ತಿದ್ದರೂ ಮಗ ಅಲ್ಲಿಗೇ ಹೋಗಿ ಅಂಕಿ ನೋಡಿಕೊಳ್ಳುತ್ತಿದ್ದ.

ಶಿಕಾರಿಪುರದಲ್ಲಿ ಬಿ.ಕಾಂ. ಮುಗಿಸಿ ಒಂದೂವರೆ ವರ್ಷವಾಗಿತ್ತು. ಉದ್ಯೋಗ ಮೇಳದಲ್ಲಿ ಹನ್ನೊಂದು ಮೇಜುಗಳಿಗೆ ಬಯೋಡೇಟಾ ಕೊಟ್ಟಿದ್ದ. ಕರೆ ಬಂದದ್ದು ಒಂದೇ, ದೂರದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಲು. ಭತ್ಯೆಯಲ್ಲಿ ಪುಸ್ತಕ ಕೊಂಡು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ.

ಮಳೆಗಾಲದ ಕೊನೆಗೆ ಅಪ್ಪನ ಮಂಡಿ ಊದಿಕೊಂಡಿತು. ಅಂದಿನಿಂದ ಅರವತ್ತು ಕುರಿಗಳ ಹಿಂದೆ ಮಾಳೇಶನೇ ನಡೆದ. ಎರಡು ತಿಂಗಳಾದ ಮೇಲೆ ದೊಡ್ಡಬೀರಪ್ಪ ಒಂದು ಮಾತು ಹೇಳಿದ.

"ಇಪ್ಪತ್ತೈದಕ್ಕೆ ಮರಿಗಳ ಕಿವಿ ಕುಯ್ಯಾದು. ನಿನ್ ಗುರುತು ಹಾಕ್ಸೋದಾದ್ರ ಹಾಕ್ಸು. ಇಲ್ಲಾಂದ್ರ ಮಂದೇನೇ ಮಾರಿಬಿಡ್ತೀನಿ."

ಮರಿಯ ಕಿವಿಯಂಚಿನಲ್ಲಿ ಸಣ್ಣ ಕಚ್ಚು ಹಾಕುವುದು ಅವರಲ್ಲಿ ಒಡೆತನದ ಗುರುತು. ದೊಡ್ಡಬೀರಪ್ಪನದು ಎಡಗಿವಿ. ಮರಿಗಳಿಗೆ ಬಲಗಿವಿ ಕುಯ್ದರೆ ಮಂದೆ ಮಗನಿಗೆ ಹೋಯಿತೆಂದೇ ಅರ್ಥ.

ಮಾಳೇಶ ಆನವಟ್ಟಿಗೆ ಹೋಗಿ ಕಂಪ್ಯೂಟರ್ ಸೆಂಟರಿನ ಚಂದ್ರಶೇಖರನನ್ನು ಕೇಳಿದ: "ಕುರಿ ಸಾಕೋದು ಸ್ವಂತ ಉದ್ಯೋಗ ಆಗ್ತದೇನ್ರೀ?"

"ಲೋನ್ ಏನಾದ್ರೂ ತಗೊಂಡೀರೇನ್ರೀ?"

"ಇಲ್ರೀ."

"ಮತ್ತೇನು, ದಾಖಲೆ ಎಲ್ಲೂ ಇಲ್ಲ. ಸುಮ್ನೆ ಒತ್ತಿ. ಕುರಿ ಬಂದು ಸಾಕ್ಷಿ ಹೇಳ್ತಾವೇನು?"

ಅಂದರೆ ಕೇಳುವವರು ಯಾರೂ ಇರಲಿಲ್ಲ.

ಇಪ್ಪತ್ತೈದರ ಮಧ್ಯಾಹ್ನ ತಂದೆ ಮಗ ಹೊಂಗೆ ಮರದ ಕೆಳಗೆ ಕೂತಿದ್ದರು. ಮಾಳೇಶ ತನ್ನ ಮೊಬೈಲಿನಲ್ಲಿ ಒಟಿಪಿ ಕೇಳಿದ; ಅಪ್ಪನ ಫೋನು ಸದ್ದು ಮಾಡಿತು. ದೊಡ್ಡಬೀರಪ್ಪ ಅದನ್ನು ಮಗನಿಗೆ ಚಾಚಿದವನು ಕೈ ಬಿಡಲಿಲ್ಲ.

"ತಿಂಗಳಾ ತಿಂಗಳಾ ಒತ್ತೀಯಲ್ಲ, ಏನ್ ಬರ್ದಾರೋ ಅದ್ರಾಗ? ಒಂದ್ಸಲ ಓದು."

ಮಾಳೇಶ ತನ್ನ ಮೊಬೈಲು ನೋಡಿ ಓದಿದ: "'ನಾನು ಯಾವುದೇ ಉದ್ಯೋಗದಲ್ಲಿರುವುದಿಲ್ಲ. ಸ್ವಯಂ ಉದ್ಯೋಗವನ್ನೂ ಮಾಡುತ್ತಿರುವುದಿಲ್ಲ.'"

"ಹಂಗಾರ ನಲವತ್ತು ವರ್ಷ ನಾನೇನ್ ಮಾಡ್ದೆ?"

"ಅದು ನಿಂಗೆ ಬರ್ದಿದ್ದಲ್ಲಪ್ಪಾ, ನಂಗೆ."

"ಎಲ್ಡು ತಿಂಗಳಿಂದ ಕುರಿ ಹಿಂದ ತಿರುಗ್ತಿರೋನು ಯಾರು, ನಮ್ಮಪ್ಪನೇನು?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಾಳೇಶ ತಿರುಗಿ ಏನಾದರೂ ಅನ್ನುತ್ತಿದ್ದ. ಅಪ್ಪ ಫೋನು ಬಿಟ್ಟು ಒಂದು ಮರಿಯನ್ನು ಎಳೆದುಕೊಂಡ. ಊದಿದ ಮಂಡಿಯ ನಡುವೆ ಅದು ನಿಲ್ಲಲಿಲ್ಲ, ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು.

ಮಾಳೇಶ ಎರಡೂ ಫೋನುಗಳನ್ನು ಕಂಬಳಿಯ ಮೇಲೆ ಮಗುಚಿಟ್ಟು ಮರಿಯನ್ನು ಅವುಚಿ ಹಿಡಿದ. ಒಟಿಪಿಯ ಆಯಸ್ಸು ಹತ್ತು ನಿಮಿಷ.

"ಎಡಕ್ಕೋ, ಬಲಕ್ಕೋ?" ಅಪ್ಪ ಚಾಕು ಹಿಡಿದು ಕೇಳಿದ.

ಮಾಳೇಶ ಮರಿಯ ತಲೆಯನ್ನು ಅಪ್ಪನ ಕಡೆ ತಿರುಗಿಸಿ ಹಿಡಿದ.

"ಬಲಕ್ಕೆ."

ಮರಿ ಒಮ್ಮೆ ಅರಚಿತು. ಕುಯ್ದ ಜಾಗಕ್ಕೆ ಅರಿಸಿನ ಒತ್ತಿ, ಅದನ್ನು ಬಿಟ್ಟು ಮಾಳೇಶ ಮುಂದಿನದನ್ನು ಹಿಡಿದ. ಇಪ್ಪತ್ತಮೂರು ಮರಿಗಳು ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಇನ್ನೊಂದು ಒಟಿಪಿ ತರಿಸಿಕೊಳ್ಳಬಹುದಿತ್ತು. ಅವನು ತರಿಸಿಕೊಳ್ಳಲಿಲ್ಲ. ಪರೀಕ್ಷೆ ಬರೆಯುತ್ತೇನೆಂದಾಗಲಿ ಬಿಟ್ಟೆನೆಂದಾಗಲಿ ಹೇಳಲೂ ಇಲ್ಲ. ಕೈಗೆ ಹತ್ತಿದ ರಕ್ತವನ್ನು ಹುಲ್ಲಿಗೆ ಒರೆಸುತ್ತ ಬಹಳ ಹೊತ್ತು ಕೂತಿದ್ದ.

"ನಾಳೆ ಎಲ್ಲಿ ಮೇಯಿಸ್ತೀಯ?" ಎಂದ ದೊಡ್ಡಬೀರಪ್ಪ. ಇಷ್ಟು ದಿನ ಇಂಥಲ್ಲಿಗೆ ಹೊಡಿ ಎಂದು ಹೇಳುತ್ತಿದ್ದವನು.

ಮಾಳೇಶ ಯೋಚಿಸಿ ಹೇಳಿದ: "ಅಂಬ್ಲಿಗೊಳ ಡ್ಯಾಮಿನ ಚಾನಲ್ ಕೆಳಗೆ ಭತ್ತ ಕೊಯ್ದಾರೆ. ಅಲ್ಲಿಗೆ."

ಅಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲವೆಂದು ಮುಖವೇ ಹೇಳಿತು. "ನೀರು ನಿಂತಿರ್ತೈತಿ, ಗೊರಸು ಕೊಳೀತಾವ, ನೋಡ್ಕಾ," ಎಂದಷ್ಟೇ ಅಂದು, ಕೋಲೂರಿ ಎದ್ದ.