ಸೊಂಟದ ಗುಟ್ಟು, ಮಣಿಕಟ್ಟಿನ ಬಾಯಿ

ನಮ್ಮ ಕಥಾನಾಯಕ ದರ್ಜಿ. ಅವನ ಕೀರ್ತಿ ಹೊಲಿಗೆಯಿಂದ ಬಂದದ್ದಲ್ಲ, ಸುಳ್ಳಿನಿಂದ ಬಂದದ್ದು. ಮೂವತ್ತು ವರ್ಷಗಳಿಂದ ಅವನ ಅಂಗಡಿಯಲ್ಲಿ ಯಾರ ಸೊಂಟವೂ ಬೆಳೆದಿರಲಿಲ್ಲ. ಟೇಪು ನಲವತ್ತೆರಡು ತೋರಿಸಿದರೂ ಅವನು ರಾಗವಾಗಿ, "ಮೂವತ್ತಾರೇ ಸಾರ್, ಕೂದಲೆಳೆಯಷ್ಟೂ ಏರಿಲ್ಲ" ಅನ್ನುವನು. ನಿಜವಾದ ಅಂಕಿಯನ್ನು ಮೊದಲು ಚೀಟಿಯಲ್ಲಿ ಬರೆದು, ಈಗೀಗ ಮೊಬೈಲಿನಲ್ಲಿ ಒತ್ತಿ, ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಅಕ್ಕನಿಗೆ ಕಳಿಸುವನು. ಗಿರಾಕಿಗಳು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಹೋಗುವರು.

ಮಗಳು ಸ್ಮಾರ್ಟ್‌ವಾಚ್ ತಂದುಕೊಟ್ಟಾಗ ಅವನು ಕೇಳಿದ್ದು ಒಂದೇ ಮಾತು. "ಇದಕ್ಕೆ ಬೀಗ ಇದೆಯೇನೇ?"

"ಫೋನಿಗೂ ಇದೆ, ವಾಚಿಗೂ ಇದೆ ಅಪ್ಪ. ಆದ್ರೆ ಕೈಯಲ್ಲಿರೋವಾಗ ವಾಚು ತೆರೆದೇ ಇರುತ್ತೆ. ಫೋನ್ ಲಾಕ್ ಆಗಿದ್ರೆ ಮೆಸೇಜು..."

"ಎರಡು ಬೀಗ ಅಂದ್ಯಲ್ಲ, ಸಾಕು ಬಿಡು!" ಕೋಟೆಗೆ ಎರಡು ಸುತ್ತು ಗೋಡೆ ಕಟ್ಟಿಸಿದ ರಾಜನಂತೆ ಅವನು ಮೀಸೆ ತಿರುವಿದ.

ಮರುದಿನ ಹೋಟೆಲ್ ಮ್ಯಾನೇಜರ್ ಸೂಟಿನ ಅಳತೆಗೆ ಬಂದರು. ಸೂಟು ಮನಸ್ಸಿಗೆ ಹಿಡಿಸಿದರೆ ಹೋಟೆಲಿನ ಅರವತ್ತು ಜನರ ಸಮವಸ್ತ್ರವೂ ಇವನಿಗೇ ಎಂದಿದ್ದರು. ಮೂರು ವರ್ಷ ಬೆನ್ನು ಹತ್ತಿದ್ದ ಕೆಲಸ.

"ಸೊಂಟ ಮೂವತ್ತೆಂಟು ಸಾರ್, ಹುಡುಗರ ಸೊಂಟ!" ಎಂದು ಹಾಡಿ, ನಿಜದ ಅಂಕಿ ಕಳಿಸಿ, ಫೋನಿಗೆ ಬೀಗ ಹಾಕಿ ಜೇಬಿಗಿಳಿಸಿ, ದರ್ಜಿ ಟೇಪನ್ನು ಅವರ ಎದೆಗೆ ಸುತ್ತಿದ. ಅಷ್ಟರಲ್ಲಿ ಮಣಿಕಟ್ಟು ಗುಂಯ್ಗುಟ್ಟಿತು. ಫೋನ್ ಬಾಯಿ ಮುಚ್ಚಿದರೆ ವಾಚು ಬಾಯಿ ತೆರೆಯುತ್ತದೆ ಎಂಬುದೇ ಮಗಳು ಹೇಳಹೊರಟಿದ್ದ ಮಾತು. ಮ್ಯಾನೇಜರರ ಗಲ್ಲದ ಕೆಳಗೇ ಅಕ್ಕನ ಅಕ್ಷರಗಳು ಬೆಳಗಿದವು: "ನಲವತ್ತಾರಾ? ಲೋ, ಅದು ಸೊಂಟವೋ ನೀರಿನ ಟ್ಯಾಂಕೋ? ಬಟ್ಟೆ ಸಾಲಲ್ಲ."

"ಯಾರಪ್ಪ ಟ್ಯಾಂಕು?" ಎಂದರು ಮ್ಯಾನೇಜರ್.

ಅರವತ್ತು ಸಮವಸ್ತ್ರಗಳು ರೆಕ್ಕೆ ಬಡಿದು ಹಾರಿಹೋಗುವುದು ದರ್ಜಿಗೆ ಕಾಣಿಸಿತು. "ನಮ್ಮಕ್ಕನಿಗೆ ಸ್ವಲ್ಪ ಕಣ್ಣು ಮಂಜು ಸಾರ್..."

ಮ್ಯಾನೇಜರ್ ಬೈಯಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ದಿನಾ ಓಡ್ತೀನಿ, ಮೂವತ್ತೆರಡೇ ಸೊಂಟ ಅಂತ ಮೆರೀತಾನಲ್ಲ ನಮ್ಮ ಅಸಿಸ್ಟೆಂಟು, ನಾಳೆ ಅವನನ್ನ ಕರ್ಕೊಂಡು ಬರ್ತೀನಿ. ವಾಚ್ ಕಟ್ಕೊಂಡೇ ಇರು. ಅವನ ನಿಜ ನನಗೆ ಕಾಣಿಸಿದ್ರೆ ಸಮವಸ್ತ್ರ ನಿಂದು, ಇಲ್ಲಾಂದ್ರೆ ಇಲ್ಲ."

ಸಮವಸ್ತ್ರ ಬಿಡುವಂತಿಲ್ಲ. ಗುಟ್ಟು ಬಿಟ್ಟುಕೊಟ್ಟರೆ ಇಡೀ ಪೇಟೆಯ ಸೊಂಟಗಳು ಅಂಗಡಿ ಬಿಡುತ್ತವೆ. ದರ್ಜಿ ಸಂಜೆ ಮಗಳೆದುರು ಮೀಸೆ ಇಳಿಸಿ ಕೂತ. ವಾಚಿನ ಪಾಠವನ್ನು ಈ ಸಲ ಕೊನೆಯವರೆಗೂ ಕೇಳಿದ. ಪಕ್ಕದಲ್ಲಿ ಅಕ್ಕನೂ ಕೂತಿದ್ದಳು.

ಮರುದಿನ ಅಸಿಸ್ಟೆಂಟನ ಅಳತೆ ನಡೆಯುವಾಗ ವಾಚು ಗುಂಯ್ಗುಟ್ಟಿತು. ಮ್ಯಾನೇಜರ್ ಕೊಕ್ಕರೆಯಂತೆ ಕತ್ತು ಚಾಚಿದರು. "ಒಂದು ಸಂದೇಶ ಬಂದಿದೆ" ಎಂದಷ್ಟೇ ಇತ್ತು.

"ತೆಗೆದು ತೋರಿಸಯ್ಯ!"

"ಪಾಸ್‌ವರ್ಡು ಅಕ್ಕನ ಹತ್ರ ಇದೆ ಸಾರ್."

ಪರದೆ ಸರಿಸಿ ಅಕ್ಕ ಕತ್ತರಿ ಹಿಡಿದೇ ಹೊರಬಂದಳು. "ತೋರಿಸೋದ್ಯಾಕೆ? ನಿನ್ನೆ ಬಂದವರದು, ಇವತ್ತು ಬಂದವರದು, ಎರಡನ್ನೂ ಗಟ್ಟಿಯಾಗಿ ಓದಿಬಿಡ್ತೀನಿ. ಓದ್ಲಾ?"

"ಬೇಡ ತಾಯಿ, ಬೇಡ!" ಮ್ಯಾನೇಜರ್ ಹೊಟ್ಟೆ ಒಳಗೆಳೆದುಕೊಂಡರು. "ಉಳಿದ ಐವತ್ತೆಂಟು ಜನರನ್ನೂ ನಾಳೆಯೇ ಕಳಿಸ್ತೀನಿ."